ಕಡ ಕೊಟ್ಟ ಕಿವಿ

ಬನಶ್ರೀ ಎಂಥ ಕಿಲಾಡಿ ಹುಡುಗಿಯೆಂದರೆ, ಮೊದಲ ದಿನ ಶಶಿಕಲಾ ಹೊಂಬಳ ಅವಳ ಕೈಗೆ ಒಂದು ಮುಷ್ಟಿ ಹುಣಸೆ ಬೀಜ ಕೊಟ್ಟು, ಸಪ್ಪಳ ಕೇಳಿದಾಗೊಮ್ಮೆ ಒಂದೊಂದು ಬೀಜವನ್ನು ಡಬ್ಬಿಯಲ್ಲಿ ಹಾಕಬೇಕೆಂದು ಕೈಬಾಯಿ ಆಡಿಸಿ ತೋರಿಸುತ್ತಿರುವಾಗಲೇ ಅಷ್ಟನ್ನೂ ದಬದಬ ಸುರಿದು, ಕೈ ಝಾಡಿಸಿ, ಇನ್ನು ಮನೆಗೆ ಹೋಗೋಣವೇ ಎಂಬಂತೆ ಅವ್ವನ ಮುಖ ನೋಡಿದ್ದಳು. ಎರಡನೆಯ ದಿನವೂ ಅದೇ ಕತೆ. ಮೂರನೆಯ ದಿನ ಬೀಜದ ಜೊತೆಗೆ ಡಬ್ಬಿಯನ್ನೂ ನೆಲಕ್ಕೆ ಕುಕ್ಕಿದಳು. ಅವ್ವ ಇಂದ್ರವ್ವನಿಗೆ ನಾಚಿಕೆಯಾಗಿ, "ಏನರೆ ಮಾಡ್ರಿ ಅಕ್ಕೋರ, ಇದು ಹುಟ್ಟಿದಾಗಿಂದ ಹಿಂಗs ಐತಿ" ಎಂದಳು.

ಶಶಿಕಲಾ ನಕ್ಕುಬಿಟ್ಟಳು. ಬೆಟಗೇರಿಯ ಆ ಸಣ್ಣ ಕೋಣೆಯಲ್ಲಿ ಕೂತು ಕಿವಿ ಕೇಳದ ಮಕ್ಕಳಿಗೆ ಕೇಳುವುದನ್ನೂ ಮಾತಾಡುವುದನ್ನೂ ಕಲಿಸುತ್ತ ಅವಳಿಗೆ ತಲೆಗೂದಲು ಬೆಳ್ಳಗಾಗಲು ಶುರುವಾಗಿತ್ತು. ನೇಕಾರರ ಓಣಿಯವರೆಲ್ಲ ಅವಳನ್ನು ಮಾತಿನ ಅಕ್ಕೋರು ಎಂದೇ ಕರೆಯುತ್ತಿದ್ದರು. ಹಟಮಾರಿ ಮಕ್ಕಳೆಂದರೆ ಅವಳಿಗೆ ಒಂದು ತೂಕ ಹೆಚ್ಚೇ ಪ್ರೀತಿ. ಸುಮ್ಮನೆ ಕೂರುವ ಮಗುವಿಗಿಂತ ಜಗಳಾಡುವ ಮಗು ಬೇಗ ಮಾತು ಕಲಿಯುತ್ತದೆ ಎಂಬುದು ಅವಳ ಅನುಭವ.

ಆಗಿನ ಕಾಲಕ್ಕೆ ಬಿಲ್ಲೆ ಬಂದು ಕೆಲವು ವರ್ಷಗಳಾಗಿದ್ದವು. ಕಿವಿಯ ಹಿಂದೆ ತಲೆಬುರುಡೆಗೆ ಸೂಜಿಮೊನೆಯಷ್ಟು ತೂತು ಮಾಡಿ, ಈರುಳ್ಳಿ ಪೊರೆಗಿಂತ ತೆಳುವಾದ ಒಂದು ಹಾಳೆಯನ್ನು ಕೇಳುವ ನರಕ್ಕೆ ಅಂಟಿಸಿ ಬಿಡುತ್ತಿದ್ದರು. ಮೇಲಿಂದ, ಕೂದಲ ನಡುವೆ, ಅಂಗಿಯ ಗುಂಡಿಯಷ್ಟು ದೊಡ್ಡ ಬಿಲ್ಲೆ. ಬಿಲ್ಲೆ ಸಪ್ಪಳ ಹಿಡಿದು ಹಾಳೆಗೆ ದಾಟಿಸುತ್ತದೆ, ಹಾಳೆ ನರಕ್ಕೆ ದಾಟಿಸುತ್ತದೆ. ಇಷ್ಟು ವಿಜ್ಞಾನ ಸಾಕು. ಉಳಿದದ್ದೆಲ್ಲ ಸರಕಾರದ ಕತೆ.

ಹಾಳೆ ಮಗುವಿನದು, ಬಿಲ್ಲೆ ಶ್ರವಣ ನಿಧಿಯದು. ಬೆಳಗಾದರೆ ಪ್ರತಿಯೊಂದು ಬಿಲ್ಲೆಯೂ ಹುಬ್ಬಳ್ಳಿಯ ಕೇಂದ್ರವನ್ನು ಕೇಳಬೇಕು, ಇವತ್ತು ಕೆಲಸ ಮಾಡಲೇ ಎಂದು. ಮಾಡು ಎಂದರೆ ಅಂಚಿನಲ್ಲಿ ಹಸಿರು ದೀಪ. ಬೇಡ ಎಂದರೆ ಅದು ಬರೀ ಗುಂಡಿ. ಮೊದಲು ಹೀಗಿರಲಿಲ್ಲ. ಮೊದಲು ಕೇಳಿದವರಿಗೆಲ್ಲ ಕೊಟ್ಟರು. ಕೆಲವು ಮನೆಗಳಲ್ಲಿ ಬಿಲ್ಲೆ ಟ್ರಂಕಿನೊಳಗೆ ಬಂಗಾರದ ಜೊತೆ ಸೇರಿತು. ಕೆಲವು ದವಾಖಾನೆಗಳು ಇಲ್ಲದ ಮಕ್ಕಳ ಹೆಸರಿನಲ್ಲಿ ತೆಗೆದುಕೊಂಡವು. ಶಶಿಕಲಾಳಂಥ ಕೆಲಸದವರೇ ಕೆಲವರು, ಒಂದಕ್ಷರ ಆಡದ ಮಗುವಿಗೆ ಭಾರೀ ಪ್ರಗತಿ ಎಂದು ಬರೆದುಕೊಟ್ಟರು. ನಿಧಿ ಬರಿದಾಯಿತು, ಕಾನೂನು ಬಂತು. ಯಾವ ಮಗುವಿಗೆ ಬಿಲ್ಲೆಯಿಂದ ಪ್ರಯೋಜನ ಕಾಣುವುದಿಲ್ಲವೋ ಅದರ ಬಿಲ್ಲೆ ಸರತಿಯಲ್ಲಿರುವ ಮುಂದಿನ ಮಗುವಿಗೆ. ಪ್ರಯೋಜನ ಇದೆಯೋ ಇಲ್ಲವೋ ಎಂದು ಹೇಳುವುದು ಯಂತ್ರ. ಮಗುವಿಗೆ ಕಲಿಸಿದವರ ಮಾತಿಗೆ ಕಿಮ್ಮತ್ತಿಲ್ಲ, ಏಕೆಂದರೆ ಅವರಿಗೆ ಹಿತಾಸಕ್ತಿ ಇದೆ. ಶಶಿಕಲಾಳ ನೋಂದಣಿ ಅವತ್ತೇ ಹೋಯಿತು. ತಜ್ಞೆ ಎಂದಿದ್ದ ಬಾಗಿಲ ಫಲಕದಲ್ಲಿ ಸಹಾಯಕಿ ಎಂದು ಬರೆಸಿದರು. ಇನ್ನು ಎಲ್ಲರಿಗೂ ಕೇಳುತ್ತದಲ್ಲ ಎಂದು ಗದಗಿನ ಕೈಸನ್ನೆ ಶಾಲೆಯನ್ನೂ ಮುಚ್ಚಿದರು. ಅಲ್ಲಿನ ಮಾಸ್ತರರು ಎಲ್ಲಿ ಹೋದರೋ ದೇವರೇ ಬಲ್ಲ.

ಆಗಷ್ಟೇ ಬಿಲ್ಲೆ ಹಾಕಿಸಿಕೊಂಡಿದ್ದ ಬನಶ್ರೀಯ ಅವಸರಕ್ಕೆ ಶಶಿಕಲಾ ಒಂದು ಆಟ ಹೂಡಿದಳು. ಸಪ್ಪಳ ಬಂದರೆ ಬೀಜವನ್ನು ಕಿವಿಯ ಹತ್ತಿರ ಹಿಡಿದುಕೊಂಡು ಅಕ್ಕೋರನ್ನು ನೋಡಬೇಕು. ಅಕ್ಕೋರು ತಮ್ಮ ಕಿವಿಯ ಮೇಲೆ ಕೈ ಇಟ್ಟು, ಹೌದು ನನಗೂ ಕೇಳಿತು ಎಂದು ಕಣ್ಣರಳಿಸಿದ ಮೇಲೆಯೇ ಬೀಜ ಡಬ್ಬಿಗೆ. ಅದಕ್ಕೆ ಮೊದಲು ಹಾಕಿದರೆ ಆಟ ಮುಗಿಯಿತು, ಬೀಜ ವಾಪಸ್. ಹುಡುಗಿಗೆ ಈ ಆಟ ಎಷ್ಟು ಹಿಡಿಸಿತೆಂದರೆ, ಸಪ್ಪಳ ಬಂದ ಕೂಡಲೇ ಬೀಜ ಕಿವಿಗೆ ಒತ್ತಿ, ಉಸಿರು ಬಿಗಿಹಿಡಿದು, ನಗೆ ತಡೆಯಲಾಗದೆ ತುಟಿ ಕಚ್ಚಿಕೊಂಡು ಕಾಯುತ್ತಿದ್ದಳು. ಶಶಿಕಲಾಳೂ ಬೇಕೆಂದೇ ತುಸು ತಡಮಾಡಿ ಕೈ ಇಡುತ್ತಿದ್ದಳು. ಕೋಣೆಯಲ್ಲಿ ಮೂರೂ ಜನರ ನಗು.

ಈ ಕೈ ಇಡುವುದನ್ನು ಮುಂದೆ ಬಿಡಿಸಬೇಕು. ಅದು ಈ ವಿದ್ಯೆಯ ಮೊದಲ ಪಾಠ, ಶಶಿಕಲಾಳಿಗೆ ಗೊತ್ತಿಲ್ಲದ್ದೇನಲ್ಲ. ಮಾತು ಒಂದಿಷ್ಟು ಕುದುರಲಿ, ಯುಗಾದಿಯ ಹೊತ್ತಿಗೆ ಬಿಡಿಸಿದರಾಯಿತು ಎಂದುಕೊಂಡಿದ್ದಳು. ಯಂತ್ರದ ಪರೀಕ್ಷೆ ಇದ್ದದ್ದೂ ಯುಗಾದಿ ಕಳೆದ ಮೇಲೆ.

ಮಾತು ಕುದುರಿತು. ಕುದುರಿತೆಂದರೆ ಎಂಥಾದ್ದು! ಒಂದು ಮಧ್ಯಾಹ್ನ ಶಶಿಕಲಾ ಇಂದ್ರವ್ವನ ಮನೆಗೆ ಹೋದಾಗ ಬನಶ್ರೀ ಹೊಸ್ತಿಲ ಮೇಲೆ ಕೂತು ಅಪ್ಪನ ಮೇಲೆ ಚಾಡಿ ಹೇಳುತ್ತಿದ್ದಳು.

"ಅಪ್ಪಾ ಗೋಡಿಗಿ ಉಗುಳ್ಯಾನ. ನಾ ನೋಡೀನಿ."

"ಎಲ್ಲೆ ಉಗುಳೀನಿ? ಸುಳ್ಳು ಹೇಳ್ತಾಳ್ರಿ ಅಕ್ಕೋರ" ಎಂದ ಅಪ್ಪ. ಯಂತ್ರಮಗ್ಗದ ಶೆಡ್ಡಿನಿಂದ ಊಟಕ್ಕೆ ಬಂದಿದ್ದ ಅವನ ಅಂಗಿಯ ತುಂಬ ನೂಲಿನ ದೂಳು.

"ಇಲ್ಲೇ ಐತಿ. ಕೆಂಪಗ ಐತಿ" ಎಂದು ಹುಡುಗಿ ಎದ್ದು ಹೋಗಿ ಗೋಡೆಗೆ ಬೆರಳಿಟ್ಟು ತೋರಿಸಿದಳು. ಇಂದ್ರವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು. "ನಾಕು ವರ್ಷ ಈ ಮನ್ಯಾಗ ಮಾತಿಲ್ದಂಗ ಬಾಳೇವ್ರಿ ಅಕ್ಕೋರ. ಈಗ ನೋಡ್ರಿ, ಇಡೀ ಓಣಿ ಸುದ್ದಿ ನಮ್ಮನಿಗೆ ಬರ್ತೈತಿ" ಎಂದಳು. ಅಂದು ಶಶಿಕಲಾಳಿಗೆ ತನ್ನ ಫಲಕದಲ್ಲಿ ಏನು ಬರೆದರೇನು, ಕೆಲಸವಂತೂ ಸಾರ್ಥಕವಾಯಿತು ಅನ್ನಿಸಿತು.

ಸಂಕ್ರಾಂತಿಗೆ ಮೊದಲು ಸುತ್ತೋಲೆ ಬಂತು. ನಿಧಿಯ ಲೆಕ್ಕವನ್ನು ಮಾರ್ಚ್‌ನೊಳಗೆ ಮುಗಿಸಬೇಕಾಗಿರುವುದರಿಂದ ಹೊಸ ಮಕ್ಕಳ ಪರೀಕ್ಷೆಯನ್ನು ಮುಂದಿನ ವಾರಕ್ಕೇ ಎಳೆಯಲಾಗಿದೆ ಎಂದು. ಪರೀಕ್ಷೆಯಲ್ಲಿ ಎರಡು ಭಾಗ. ಮೊದಲು ಸಪ್ಪಳ ಕೇಳಿ ಡಬ್ಬಿಗೆ ಗುಂಡು ಹಾಕುವುದು, ಆಮೇಲೆ ಮಾತು ಕೇಳಿ ತಿರುಗಿ ಹೇಳುವುದು. ಎರಡನೆಯದು ಕಷ್ಟದ್ದು. ಸಿಕ್ಕ ನಾಲ್ಕಾರು ದಿನವನ್ನು ಶಶಿಕಲಾ ಅದಕ್ಕೇ ಸುರಿದಳು. ಕೊಡ, ಗಿಡ, ಹಸು, ಸರ, ಶಾಲೆ ಎಂದು ಹುಡುಗಿಯ ಬಾಯಿ ದಣಿಯುವವರೆಗೆ ಹೇಳಿಸಿದಳು. ಬೀಜ ಹಾಕುವುದಕ್ಕೆ ಏನು ಮಹಾ, ಅದು ಬನಶ್ರೀಗೆ ನೀರು ಕುಡಿದಷ್ಟು ಸುಲಭ. ಕೈ ಇಡುವ ವಿಷಯ ಶಶಿಕಲಾಳಿಗೆ ನೆನಪೇ ಆಗಲಿಲ್ಲ.

ಗದಗಿನ ಪರೀಕ್ಷಾ ಕೋಣೆ ಗಾಜಿನ ಪೆಟ್ಟಿಗೆಯಂತಿತ್ತು. ಒಳಗೆ ಮಗು ಒಂದೇ. ಹೊರಗೆ ಬೆಂಚಿನ ಮೇಲೆ ತಾಯಿಗೂ ಸಹಾಯಕಿಗೂ ಜಾಗ, ಆದರೆ ಮಗುವಿಗೆ ಅವರು ಕಾಣುವುದಿಲ್ಲ. ಒಳಗಿನಿಂದ ಆ ಗಾಜು ಕನ್ನಡಿ. ಬನಶ್ರೀ ಹೊಸ ಲಂಗ ಹಾಕಿಕೊಂಡು, ಕಿವಿಯ ಹಿಂದೆ ಜಡೆಯ ಬುಡದಲ್ಲಿ ಬಿಲ್ಲೆಯ ಹಸಿರು ದೀಪ ಮಿನುಗಿಸುತ್ತ, ಗತ್ತಿನಿಂದ ಒಳಗೆ ಹೋಗಿ ಕುರ್ಚಿ ಹತ್ತಿದಳು. ಎದುರಿಗೆ ಒಂದು ಬುಟ್ಟಿ ಬಣ್ಣದ ಗುಂಡು, ಒಂದು ಖಾಲಿ ಡಬ್ಬಿ. ಯಂತ್ರದ ಪರದೆಯ ಮೇಲೆ ಒಂದು ಮೊಲ ಗುಂಡು ಹಾಕಿ ತೋರಿಸಿತು. ಹುಡುಗಿ ಗೊತ್ತು ಬಿಡು ಎಂಬಂತೆ ತಲೆಯಾಡಿಸಿದಳು.

ಮೊದಲ ಸಪ್ಪಳ ಬಂತು. ಹೊರಗಿನ ಸ್ಪೀಕರಿನಲ್ಲಿ ಇವರಿಗೂ ಕೇಳಿಸಿತು, ದೂರದ ಹಕ್ಕಿಯಷ್ಟು ಸಣ್ಣಗೆ. ಬನಶ್ರೀ ತಟ್ಟನೆ ಗುಂಡು ಎತ್ತಿ ಕಿವಿಗೆ ಹಿಡಿದಳು.

"ಕೇಳೇತಿ, ಕೇಳೇತಿ" ಎಂದು ಇಂದ್ರವ್ವ ಪಿಸುಗುಟ್ಟಿದಳು.

ಹುಡುಗಿ ಗುಂಡು ಹಾಕಲಿಲ್ಲ. ಕಿವಿಗೆ ಹಿಡಿದುಕೊಂಡು ಎದುರಿಗೆ ನೋಡಿದಳು. ಎಡಕ್ಕೆ ನೋಡಿದಳು. ಸಪ್ಪಳ ಇನ್ನಷ್ಟು ದೊಡ್ಡದಾಯಿತು. ತುಟಿ ಕಚ್ಚಿಕೊಂಡು, ನಗೆ ತಡೆದುಕೊಂಡು, ಕುರ್ಚಿಯ ತುದಿಗೆ ಬಂದು ಕೂತಳು. ಮತ್ತೂ ದೊಡ್ಡದಾಯಿತು. ಕನ್ನಡಿಯಲ್ಲಿ ತನ್ನನ್ನೇ ನೋಡಿದಳು, ಬಾಗಿಲ ಕಡೆ ನೋಡಿದಳು. ಕೊನೆಯ ಸಪ್ಪಳಕ್ಕೆ ಬೆಂಚಿನ ಮೇಲಿದ್ದವರಿಗೇ ಎದೆ ಝಲ್ಲೆಂದಿತು. ಒಳಗೆ ಹುಡುಗಿ ಮೈ ಜುಂ ಎಂದು ನಡುಗಿ, ಕಣ್ಣು ಮುಚ್ಚಿ, ಗುಂಡನ್ನು ಇನ್ನೂ ಬಿಗಿಯಾಗಿ ಕಿವಿಗೆ ಒತ್ತಿಕೊಂಡಳು. ಹಾಕಲಿಲ್ಲ.

ಆಗ ಶಶಿಕಲಾಳಿಗೆ ಹೊಳೆಯಿತು. ಎದ್ದು ಹೋಗಿ ಬಾಗಿಲು ಬಡಿದಳು. "ನಾ ಒಳಗ ಬರಬೇಕು, ಒಂದs ನಿಮಿಷ. ಆ ಕೂಸು ನನ್ನ ಸಲುವಾಗಿ ಕಾಯಾಕತ್ತೈತಿ" ಎಂದು ಬಾಗಿಲಲ್ಲಿದ್ದ ಕಾವಲಿನವನಿಗೆ ಹೇಳಿದಳು. ಅವನು ಒಳ್ಳೆಯವನೇ. "ಅಕ್ಕೋರ, ಬಾಗಲಾ ತಗದ್ರ ಪರೀಕ್ಷಾನs ರದ್ದಾಗ್ತೈತ್ರಿ" ಎಂದ. ಆಕೆ ಕೈ ಕೆಳಗಿಳಿಸಿ ನಿಂತಳು.

ಮೊದಲ ಭಾಗ ದಾಟದವರಿಗೆ ಎರಡನೆಯದು ತೆರೆಯುವುದಿಲ್ಲ. ಕೊಡ, ಗಿಡ, ಹಸು, ಸರ, ಶಾಲೆ ಎಲ್ಲ ಹುಡುಗಿಯ ಬಾಯಲ್ಲೇ ಉಳಿದವು. ಪರದೆಯ ಮೇಲೆ ಪ್ರಯೋಜನ ಕಂಡುಬಂದಿಲ್ಲ ಎಂದು ಬಂತು.

ಬಾಗಿಲು ತೆರೆದಾಗ ಬನಶ್ರೀ ಸಿಟ್ಟಿನಿಂದ ಓಡಿಬಂದು ಶಶಿಕಲಾಳ ಸೀರೆ ಹಿಡಿದು ಎಳೆದಳು. "ಅಕ್ಕೋರ, ಎಲ್ಲಿ ಹೋಗಿದ್ರಿ? ಸಪ್ಪಳ ಬಂತು. ಭಾಳ ಬಂತು. ನೀವು ಕೈ ಇಡ್ಲೇ ಇಲ್ಲ!"

ಇಂದ್ರವ್ವನಿಂದ ಮುಚ್ಚಿಡಲು ಶಶಿಕಲಾಳಿಗೆ ಆಗಲಿಲ್ಲ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಕೈ ಇಡುವ ಆಟ, ಅದನ್ನು ಬಿಡಿಸಬೇಕಾಗಿದ್ದದ್ದು, ಬಿಡಿಸದೇ ಇದ್ದದ್ದು.

"ಹಂಗಂದ್ರ ನನ್ನ ಮಗಳು ನೀವು ಕಲಿಸಿದ್ಹಂಗ ಮಾಡಿದ್ದಕ್ಕ ನಪಾಸಾದ್ಲೇನ್ರಿ?" ಎಂದು ಕೇಳಿದಳು ಇಂದ್ರವ್ವ.

"ಹೌದವ್ವಾ."

"ಸೊಕ್ಕಿಲೆ ಎಲ್ಲಾ ಬೀಜ ಸುರವಿದ್ರ ಪಾಸಾಗ್ತಿದ್ಲೋ ಏನೋ" ಎಂದು ಇಂದ್ರವ್ವ ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಶಶಿಕಲಾಳಿಗೆ.

ಮರುದಿನವೇ ಅವಳು ಹುಬ್ಬಳ್ಳಿಗೆ ಹೋದಳು. ಕೇಂದ್ರದಲ್ಲಿ ಮೇಲ್ವಿಚಾರಕನಾಗಿದ್ದ ಜಯತೀರ್ಥ ಕಟ್ಟಿ, ಕಾಲೇಜಿನಲ್ಲಿ ಅವಳ ಜೊತೆಗೆ ಇದೇ ವಿದ್ಯೆ ಓದಿದವನು. ಓದುವಾಗ ಇಬ್ಬರೂ ಊರೂರು ತಿರುಗಿ ಕಿವುಡು ಮಕ್ಕಳನ್ನು ಹುಡುಕುವ ಕನಸು ಕಂಡವರೇ. ಅವನ ಕೋಣೆಯ ಗೋಡೆಯ ತುಂಬ ಒಂದು ದೊಡ್ಡ ನಕ್ಷೆ, ಬೀದರದಿಂದ ಕಾರವಾರದ ತನಕ. ಅದರ ಮೇಲೆ ಸಾವಿರಾರು ಹಸಿರು ಚುಕ್ಕೆ. ಒಂದೊಂದೂ ಒಂದೊಂದು ಮಗುವಿನ ಕಿವಿ. ನೋಡುತ್ತಿರುವಾಗಲೇ ರಾಯಚೂರ ಕಡೆ ಒಂದು ಆರಿತು. ಯಾರೂ ತಿರುಗಿ ನೋಡಲಿಲ್ಲ.

"ಬಾ ಶಶಿ, ಊಟಾ ಮಾಡ್ತೀಯೇನು? ಡಬ್ಬಿ ತಂದೀನಿ" ಎಂದ ಜಯತೀರ್ಥ.

"ಊಟಾ ಗೀಟಾ ಏನೂ ಬ್ಯಾಡೋ. ಒಂದು ಹುಡುಗಿ ಬಿಲ್ಲೆ ಉಳಸು."

ಅವನು ಪರೀಕ್ಷೆಯ ಚಿತ್ರೀಕರಣವನ್ನು ಪರದೆಯ ಮೇಲೆ ಹಾಕಿದ. ಬನಶ್ರೀ ಗುಂಡು ಹಿಡಿದು ಕಾಯುವುದು, ಹುಡುಕುವುದು, ನಡುಗುವುದು, ಎಲ್ಲವನ್ನೂ ಮೊದಲಿಂದ ಕೊನೆಯವರೆಗೆ ನೋಡಿದ. ಮತ್ತೊಮ್ಮೆ ನೋಡಿದ. ಕನ್ನಡಕ ತೆಗೆದು ಒರೆಸಿಕೊಂಡ.

"ಕೈ ಇಡೋ ಆಟ ಕಲಿಸಿದ್ಯೇನು?"

"ಹ್ಞೂಂ."

"ಕೂಸಿಗೆ ಕೇಳಸ್ತದ. ಕುರುಡನಿಗೂ ತಿಳೀತದ ಅದು."

"ಹಂಗಾದ್ರ ಅಷ್ಟs ಬರಿ ಮಾರಾಯಾ!"

"ಎಲ್ಲಿ ಬರೀಲಿ ಶಶಿ? ಮಗುವಿನ ಮುಖಾ ನೋಡಿ ನಿರ್ಣಯ ಮಾಡಬಾರದು ಅಂತ ಕಾನೂನು ಬರದವರೊಳಗ ನಾನೂ ಒಬ್ಬಾಂವ. ಮುಖಾ ನೋಡಿ ಪಾಸು ಮಾಡಿ ಮಾಡಿನೇ ನಿಧಿ ಮುಳಗಿತ್ತು. ನಿನಗೂ ಗೊತ್ತದ."

"ಬಿಲ್ಲೆಯೊಳಗ ಎಲ್ಲಾ ದಾಖಲಾಗಿರ್ತೈತಲ್ಲಾ? ದಿನಾ ಮುಂಜಾನಿಂದ ಸಂಜೀತನಕಾ ಮಾತಾಡ್ತಾಳ ಅಕಿ."

"ಬಿಲ್ಲೆಗೆ ಕೇಳಿಸ್ಯದ ಅನ್ನೋದಕ್ಕ ಪುರಾವೆ ಅದ. ಹುಡುಗಿಗೆ ಕೇಳಿಸ್ಯದ ಅನ್ನೋದಕ್ಕ ಇಲ್ಲ. ಇಲ್ಲಿ ನನ್ನ ಕೆಲಸ ಏನಂತ ತಿಳದೀ? ಯಂತ್ರ ಹೇಳಿದ್ದನ್ನ ನೋಡೋದು, ನೋಡಿದೆ ಅಂತ ಗುಂಡಿ ಒತ್ತೋದು. ಒತ್ತದಿದ್ರೂ ಸಂಜೀಕ ತಾನs ಒತ್ತಿಕೊಳ್ತದ."

ಮರುಪರೀಕ್ಷೆ ಇಲ್ಲವೇ ಎಂದು ಕೇಳಿದಳು. ಇದೆ. ಸರತಿಯ ಕೊನೆಗೆ ಹೋಗಿ ನಿಲ್ಲಬೇಕು. ಸರತಿ ಸವೆಯುವ ಹೊತ್ತಿಗೆ ಬನಶ್ರೀಗೆ ಏಳು ದಾಟಿರುತ್ತದೆ, ಏಳು ದಾಟಿದವರಿಗೆ ಬಿಲ್ಲೆ ಕೊಡುವುದಿಲ್ಲ. ಅಷ್ಟರಲ್ಲಿ ಆ ನರ ಕೇಳುವುದನ್ನೇ ಮರೆತಿರುತ್ತದೆ. ಇದನ್ನು ಅವರಿಬ್ಬರೂ ಒಂದೇ ಪುಸ್ತಕದಲ್ಲಿ ಓದಿದ್ದರು.

"ಅಕಿ ಬಿಲ್ಲೆ ಈಗಾಗಲೇ ಕುಷ್ಟಗಿ ಕಡೆ ಒಂದು ಹುಡುಗನ ಹೆಸರಿಗೆ ಹೋಗೇದ. ಅವರವ್ವಗ ನಿನ್ನೇನೇ ಫೋನ್ ಮಾಡ್ಯಾರ. ಅಕಿ ಫೋನಿನ್ಯಾಗs ಅತ್ಲಂತ" ಎಂದ ಜಯತೀರ್ಥ. "ಅದನ್ನ ನಿಲ್ಲಸು ಅಂತೀಯೇನು?"

"ಅಂತೀನಿ. ನಿಲ್ಲಸು" ಎಂದುಬಿಟ್ಟಳು ಶಶಿಕಲಾ.

ಬಾಯಿಂದ ಬಂದ ಮೇಲೆ ಅವಳಿಗೇ ಅಸಹ್ಯವಾಯಿತು. ಜಯತೀರ್ಥ ಡಬ್ಬಿ ಬಿಚ್ಚಿ ಒಂದು ಚಪಾತಿಯನ್ನು ಅವಳ ಕಡೆ ಸರಿಸಿದ. ಇಬ್ಬರೂ ತಿನ್ನಲಿಲ್ಲ.

ಸೋಮವಾರ ಬೆಳಗಿನಿಂದ ಬಿಲ್ಲೆಯ ಅನುಮತಿ ನಿಲ್ಲುವುದೆಂದು ಗೊತ್ತಾಯಿತು. ಶನಿವಾರ ಇಂದ್ರವ್ವ ಬಂದು, "ಅಕ್ಕೋರ, ಒಂದು ದಿನಾ ಉಳದೈತಿ. ಏನೇನು ಕೇಳಸ್ಬೇಕ್ರಿ ಇಕಿಗೆ?" ಎಂದು ಕೇಳಿದಳು. ಸಾವಿರಗಟ್ಟಲೆ ಶಬ್ದ ಕಲಿಸಿದ ಶಶಿಕಲಾ, "ನಿಮಗ ತಿಳದದ್ದು ಮಾತಾಡ್ರಿ" ಎಂದಳು.

ಮಾತಾಡಿದರು. ಭಾನುವಾರವಿಡೀ ಮಾತಾಡಿದರು. ಅಪ್ಪ ಶೆಡ್ಡಿಗೆ ಹೋಗಲಿಲ್ಲ. ಸೋದರತ್ತೆ ಬಂದಳು, ಓಣಿಯ ಹೆಂಗಸರು ಬಂದರು. ಒಬ್ಬೊಬ್ಬರೂ ಹುಡುಗಿಯನ್ನು ಹಿಡಿದು ನಿಲ್ಲಿಸಿ, ನನ್ನ ದನಿ ನೆನಪಿಟ್ಕೋ ಅವ್ವಾ, ನಾ ಯಾರು ಹೇಳು, ಒಂದು ಹಾಡು ಕೇಳು ಎಂದು ಕಾಡಿದರು. ಶಶಿಕಲಾ ಮೂಲೆಯಲ್ಲಿ ಕೂತು ನೋಡುತ್ತಿದ್ದಳು. ಹೊತ್ತು ಇಳಿಯುವಷ್ಟರಲ್ಲಿ ಬನಶ್ರೀಗೆ ರೋಸಿಹೋಯಿತು. "ಸುಮ್ಮನ್ರಿ ಎಲ್ಲಾರೂ! ತಲಿ ನೋಯ್ತೈತಿ!" ಎಂದು ಕಿರುಚಿ, ಬಿಲ್ಲೆ ಕಿತ್ತು ಅವ್ವನ ಮಡಿಲಿಗೆ ಎಸೆದು, ಒಳಕೋಣೆಗೆ ಹೋಗಿ ಮುಸುಕು ಹಾಕಿಕೊಂಡು ಮಲಗಿಬಿಟ್ಟಳು. ಇಂದ್ರವ್ವ ಹಸಿರು ದೀಪ ಉರಿಯುತ್ತಿದ್ದ ಬಿಲ್ಲೆ ಹಿಡಿದುಕೊಂಡು ಹೋಗಿ ಎಬ್ಬಿಸಲೋ ಬೇಡವೋ ಎಂದು ಬಾಗಿಲಲ್ಲಿ ನಿಂತಳು. ಎಬ್ಬಿಸಲಿಲ್ಲ.

ಬೆಳಗ್ಗೆ ದೀಪ ಹತ್ತಲಿಲ್ಲ. ಹುಡುಗಿ ಬಿಲ್ಲೆಯನ್ನು ಲಂಗಕ್ಕೆ ಉಜ್ಜಿ ನೋಡಿದಳು, ಬಾಯಿಂದ ಊದಿ ನೋಡಿದಳು, ಅಪ್ಪನ ಕೈಗೆ ಕೊಟ್ಟು ರಿಪೇರಿ ಮಾಡು ಎಂದಳು. ನಿನ್ನೆ ತಾನು ಸಿಟ್ಟು ಮಾಡಿದ್ದಕ್ಕೆ ಎಲ್ಲರೂ ಮಾತು ಬಿಟ್ಟಿದ್ದಾರೆಂದು ಅವಳಿಗೆ ಅನ್ನಿಸಿತೋ ಏನೋ. "ಇನ್ನ ಸಿಟ್ಟು ಮಾಡೂದಿಲ್ಲ. ಮಾತಾಡ್ರಿ" ಎಂದು ಒಬ್ಬೊಬ್ಬರ ಗದ್ದ ಹಿಡಿದು ಕೇಳಿಕೊಂಡಳು. ಮಧ್ಯಾಹ್ನ ನಿಧಿಯವರು ಬಂದು ಬಿಲ್ಲೆ ತೆಗೆದುಕೊಂಡು ಹೋದರು.

ಶಶಿಕಲಾ ವಾರಕ್ಕೊಮ್ಮೆ ಆ ಮನೆಗೆ ಹೋಗುತ್ತಲೇ ಇದ್ದಳು. ಬಿಲ್ಲೆಯಿಲ್ಲದ ಮಗುವಿಗೆ ಕಲಿಸುವುದು ನಿಯಮದಲ್ಲಿಲ್ಲ, ಅವಳು ಯಾರಿಗೂ ಹೇಳಲಿಲ್ಲ. ಕೈಸನ್ನೆ ಅವಳಿಗೆ ಬರುತ್ತಿರಲಿಲ್ಲ, ಕಲಿಸುವವರೂ ಉಳಿದಿರಲಿಲ್ಲ. ತುಟಿ ನೋಡಿ ತಿಳಿಯುವುದನ್ನು ಅಷ್ಟಿಷ್ಟು ಕಲಿಸಲು ಒದ್ದಾಡಿದಳು. ಆದರೆ ತನ್ನ ದನಿ ತನಗೆ ಕೇಳದವರ ಮಾತು ನಿಲ್ಲುವುದಿಲ್ಲ, ಸವೆಯುತ್ತದೆ. ಮೊದಲು ಸಕಾರ ಹೋಯಿತು, ಹಸು ಹೋಗಿ ಹೌ ಆಯಿತು. ಆಮೇಲೆ ಶಾಲೆ ಎಂಬ ಮಾತು ಹೋಯಿತು. ಗಂಟಲು ಮಾತ್ರ ದಿನದಿನಕ್ಕೆ ದೊಡ್ಡದಾಗುತ್ತ ಬಂತು. ಓಣಿಯ ಹುಡುಗರು ಅವಳ ಹಿಂದೆ ಅಣಕಿಸುತ್ತ ಓಡತೊಡಗಿದರು.

ಯುಗಾದಿ ಕಳೆದ ಮೇಲೆ ಒಂದು ದಿನ ಶಶಿಕಲಾ ಹೋದಾಗ ಇಂದ್ರವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಹುಡುಗಿ ಅಂಗಳದಲ್ಲಿದ್ದಳು.

"ಅವ್ವಾ!" ಎಂದು ಕೂಗಿದಳು ಅಲ್ಲಿಂದ.

"ಓ! ಬಂದ್ನೆವ್ವಾ!" ಎಂದಳು ಇಂದ್ರವ್ವ, ಕೈ ನಿಲ್ಲಿಸದೆ.

"ಅವ್ವಾ!"

"ಓ ಅಂದ್ನಲ್ಲs. ಇಲ್ಲೇ ಅದೀನಿ ನೋಡು."

"ಅವ್ವಾ! ಅವ್ವಾ!" ದನಿ ಈಗ ಅಳುವಿಗೆ ತಿರುಗಿತ್ತು. ಇಂದ್ರವ್ವ ಪ್ರತಿಸಲಕ್ಕೂ ಓ ಎನ್ನುತ್ತಲೇ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದಳು.

ಶಶಿಕಲಾಳಿಗೆ ತಡೆಯಲಾಗಲಿಲ್ಲ. "ಅಕಿಗೆ ಕೇಳ್ಸೂದಿಲ್ಲ ಇಂದ್ರವ್ವಾ. ಯಾಕ ಗಂಟಲಾ ಹರಕೊಳ್ತೀ?" ಎಂದಳು.

"ಅಕಿಗೆ ಕೇಳ್ಸೂದಿಲ್ರಿ ಅಕ್ಕೋರ" ಎಂದಳು ಇಂದ್ರವ್ವ. "ನನಗ ಕೇಳ್ತೈತಲ್ರಿ." ಮತ್ತೆ ಒಮ್ಮೆ ಓ ಎನ್ನುತ್ತ ಅಂಗಳಕ್ಕೆ ಇಳಿದಳು.